ವರ್ಸೇಲ್ಸ್ ಉದ್ಯಾನ: ಅರಸ ಬರೆದ ದಾರಿ, ಬರೆಯದೆ ಬಿಟ್ಟ ನೀರು

ಅರಮನೆಗಳನ್ನು ಕಟ್ಟಿಸಿದ ಅರಸರು ಚರಿತ್ರೆಯಲ್ಲಿ ಅನೇಕರಿದ್ದಾರೆ. ತಾನು ಮಾಡಿಸಿದ ಉದ್ಯಾನವನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ಬರೆದಿಟ್ಟ ಅರಸ ಮಾತ್ರ ಅಪರೂಪ. ಫ್ರಾನ್ಸಿನ 14ನೆಯ ಲೂಯಿ ಅಂಥವನು. ವರ್ಸೇಲ್ಸಿನ ಉದ್ಯಾನಗಳನ್ನು ತೋರಿಸುವ ಬಗೆ ಎಂಬ ಅರ್ಥದ ಶೀರ್ಷಿಕೆಯುಳ್ಳ ಅವನ ಕಿರುಬರಹ 1689ರಲ್ಲಿ ಮೊದಲು ಸಿದ್ಧವಾಯಿತು. 1705ರವರೆಗೆ ಅದು ಹಲವು ಬಾರಿ ಪರಿಷ್ಕಾರಗೊಂಡಿತು. ಅದರ ಆರು ಪಾಠಗಳಲ್ಲಿ ಕೆಲವು ಅರಸನ ಕೈಬರಹದಲ್ಲಿಯೇ ಇವೆ. ಈ ಪುಟ್ಟ ಪಠ್ಯ ಏನನ್ನು ತೋರಿಸುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಗಮನಿಸಿದರೆ ಯೂರೋಪಿನ ಬರೋಕ್ ಯುಗದ ಅತ್ಯಂತ ಪ್ರಸಿದ್ಧವಾದ ಈ ಅರಮನೆಯ ಅರ್ಥವೇ ಬೇರೆಯಾಗಿ ಕಾಣುತ್ತದೆ.

ಪ್ಯಾರಿಸ್ ನಗರದ ನೈಋತ್ಯಕ್ಕಿರುವ ವರ್ಸೇಲ್ಸ್ ಮೊದಲಿಗೆ ಜೌಗುನೆಲದ ನಡುವಣ ಒಂದು ಹಳ್ಳಿ. 1623ರಲ್ಲಿ 13ನೆಯ ಲೂಯಿ ಅಲ್ಲಿ ಬೇಟೆಗಾಗಿ ಸಣ್ಣ ಮನೆಯೊಂದನ್ನು ಕಟ್ಟಿಸಿದನು. ಅವನ ಮಗ 14ನೆಯ ಲೂಯಿ 1661ರಲ್ಲಿ ಆಡಳಿತವನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡನು. ಅದೇ ವರ್ಷದ ಆಗಸ್ಟ್ 17ರಂದು ಅವನ ಹಣಕಾಸಿನ ಮಂತ್ರಿ ನಿಕೊಲಾ ಫೂಕೆ, ವೋ-ಲ-ವಿಕೋಂತ್ ಎಂಬಲ್ಲಿನ ತನ್ನ ಹೊಸ ಅರಮನೆಯಲ್ಲಿ ಅರಸನಿಗೆ ವೈಭವದ ಔತಣವನ್ನಿತ್ತನು. ಮೂರು ವಾರ ಕಳೆಯುವುದರೊಳಗೆ ಫೂಕೆ ಸೆರೆಯಾದನು, ಮತ್ತೆ ಬಿಡುಗಡೆಯಾಗಲಿಲ್ಲ. ಆ ಅರಮನೆಯನ್ನು ರೂಪಿಸಿದ್ದ ವಾಸ್ತುಶಿಲ್ಪಿ ಲೂಯಿ ಲ ವೋ, ಚಿತ್ರಕಾರ ಶಾರ್ಲ್ ಲ ಬ್ರ್ಯೂನ್, ಉದ್ಯಾನಶಿಲ್ಪಿ ಆಂದ್ರೆ ಲ ನೋತ್ರ್ ಮೂವರೂ ವರ್ಸೇಲ್ಸಿನ ಕೆಲಸಕ್ಕೆ ಬಂದರು. 1682ರ ಮೇ 6ರಂದು ಆಸ್ಥಾನವೇ ಅಲ್ಲಿಗೆ ಸ್ಥಳಾಂತರಗೊಂಡಿತು. 357 ಕನ್ನಡಿಗಳ, 73 ಮೀಟರ್ ಉದ್ದದ ಕನ್ನಡಿ ಮಹಲು ಪೂರ್ಣಗೊಂಡದ್ದು 1684ರಲ್ಲಿ.

ಅರಸನ ಬರಹದಲ್ಲಿ ವರ್ಣನೆಯಿಲ್ಲ, ಅಲಂಕಾರವಿಲ್ಲ. ಇರುವುದು ವಿಧಿವಾಕ್ಯಗಳು ಮಾತ್ರ. ಅರಮನೆಯಿಂದ ಹೊರಬಂದು ಜಗಲಿಯ ಮೇಲೆ ಹೋಗಬೇಕು. ಮೆಟ್ಟಿಲುಗಳ ತುದಿಯಲ್ಲಿ ನಿಲ್ಲಬೇಕು. ಹೂಪಾತಿಗಳನ್ನೂ ಕೊಳಗಳನ್ನೂ ಕಾರಂಜಿಗಳನ್ನೂ ನೋಡಬೇಕು. ಮುಂದೆ ನಡೆದು ಮತ್ತೆ ನಿಂತು ಹಿಂದಿರುಗಿ ಅರಮನೆಯತ್ತ ಕಣ್ಣು ಹಾಯಿಸಬೇಕು. ಸಂದರ್ಶಕನ ಕಾಲಿಗಿಂತ ಹೆಚ್ಚಾಗಿ ಅವನ ಕಣ್ಣನ್ನು ಈ ಪಠ್ಯ ಆಳುತ್ತದೆ. ಉದ್ಯಾನದ ವಿನ್ಯಾಸವೂ ಇದಕ್ಕೆ ಅನುಗುಣವಾದುದು. ಅರಮನೆಯಿಂದ ಪಶ್ಚಿಮಕ್ಕೆ ಹೊರಟ ನೇರ ಗೆರೆಯೊಂದು ಲಾತೋನಾ ಕಾರಂಜಿಯನ್ನು ದಾಟಿ, ಸೂರ್ಯದೇವ ಅಪೊಲೋವಿನ ರಥದ ಕೊಳವನ್ನು ಹಾಯ್ದು, ಒಂದೂವರೆ ಕಿಲೋಮೀಟರಿಗೂ ಉದ್ದವಾದ ಮಹಾಕಾಲುವೆಯಲ್ಲಿ ಸೇರುತ್ತದೆ. ಸೂರ್ಯನನ್ನೇ ತನ್ನ ಲಾಂಛನವಾಗಿಸಿಕೊಂಡ ಅರಸನ ಉದ್ಯಾನದಲ್ಲಿ ಸೂರ್ಯ ಮುಳುಗುವುದೂ ಅವನು ಎಳೆದ ಗೆರೆಯ ಕಡೆಗೇ.

ಲಾತೋನಾ ಕಾರಂಜಿಯ ಕಥೆ ರೋಮನ್ ಕವಿ ಓವಿಡನ ಕಾವ್ಯದಿಂದ ಬಂದದ್ದು. ಅಪೊಲೋವಿನ ತಾಯಿ ಲಾತೋನಾ ಬಾಯಾರಿ ಕೊಳವೊಂದರ ಬಳಿಗೆ ಬಂದಾಗ ಅಲ್ಲಿನ ರೈತರು ನೀರನ್ನು ಕದಡಿ ಕುಡಿಯಗೊಡಲಿಲ್ಲ. ಶಾಪಕ್ಕೆ ಗುರಿಯಾಗಿ ಕಪ್ಪೆಗಳಾದರು. ಉದ್ಯಾನದ ನಡುಗೆರೆಯ ಮೇಲೆ ಹೀಗೆ ನೀರಿನ ಹಕ್ಕಿನ ಕಥೆಯೊಂದು ನಿಂತಿರುವುದು ಅರ್ಥಪೂರ್ಣ. ಏಕೆಂದರೆ ವರ್ಸೇಲ್ಸಿಗೆ ಎಲ್ಲವೂ ಇತ್ತು, ನೀರೊಂದರ ಹೊರತು.

ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಎಲ್ಲ ಕಾರಂಜಿಗಳೂ ಒಮ್ಮೆಗೇ ಹೊತ್ತುಗಟ್ಟಲೆ ಚಿಮ್ಮುವಷ್ಟು ನೀರು ಎಂದೂ ಒದಗಲಿಲ್ಲ. ಆದುದರಿಂದ ಕಾರಂಜಿ ನೋಡಿಕೊಳ್ಳುವ ಆಳುಗಳು ಅರಸನ ಬರವನ್ನು ಸಿಳ್ಳೆಯಿಂದ ಒಬ್ಬರಿಗೊಬ್ಬರು ತಿಳಿಸುತ್ತಿದ್ದರು. ಅವನು ಸಮೀಪಿಸಿದಾಗ ನೀರು ಚಿಮ್ಮುತ್ತಿತ್ತು, ಅವನು ದಾಟಿದ ಮೇಲೆ ನಿಲ್ಲುತ್ತಿತ್ತು. ಅರಸನ ಬರಹದಲ್ಲಿನ ಕಟ್ಟುನಿಟ್ಟಾದ ಕ್ರಮವನ್ನು ಈ ಕೊರತೆಯೊಂದಿಗೆ ಇಟ್ಟು ಓದಬೇಕು. ಯಾವ ಕೊಳದ ಮುಂದೆ ಯಾವಾಗ ನಿಲ್ಲಬೇಕೆಂಬುದು ಸೌಂದರ್ಯದ ಪ್ರಶ್ನೆಯಾಗಿದ್ದಂತೆ ನೀರಿನ ಲೆಕ್ಕಾಚಾರದ ಪ್ರಶ್ನೆಯೂ ಆಗಿತ್ತು.

ಆ ದಾರಿಯಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸ್ಥಳವೊಂದಿತ್ತು. ಅದು ಈಸೋಪನ ನೀತಿಕಥೆಗಳನ್ನು ಆಧರಿಸಿದ 39 ಕಾರಂಜಿಗಳ ಚಕ್ರವ್ಯೂಹ. 1670ರ ದಶಕದಲ್ಲಿ ಸಿದ್ಧವಾದ ಇಲ್ಲಿ ಬಣ್ಣ ಬಳಿದ ಸೀಸದ ಪ್ರಾಣಿಗಳ ಬಾಯಿಯಿಂದ ನೀರು ಚಿಮ್ಮುತ್ತಿತ್ತು. ಜಾನಪದ ಕಥೆಗಳ ಸಂಗ್ರಾಹಕನೆಂದು ಮುಂದೆ ಪ್ರಸಿದ್ಧನಾದ ಶಾರ್ಲ್ ಪೆರೊ ಈ ಚಕ್ರವ್ಯೂಹವನ್ನು ವರ್ಣಿಸುತ್ತ, ಆ ನೀರು ಪ್ರಾಣಿಗಳ ಮಾತಿನ ಸಂಕೇತವೆಂದು ವಿವರಿಸಿದ್ದಾನೆ. ನೀರು ಬಂದರೆ ಪ್ರಾಣಿಗಳಿಗೆ ಮಾತು ಬರುತ್ತದೆ. ನೀರು ನಿಂತರೆ ಅವು ಮೂಕವಾಗುತ್ತವೆ.

ಆ ನೀರನ್ನು ತಂದವರಿಗೆ ಮಾತ್ರ ಮಾತಿನ ಅವಕಾಶವಿರಲಿಲ್ಲ. 1684ರಲ್ಲಿ ಪೂರ್ಣಗೊಂಡ ಮಾರ್ಲಿ ಯಂತ್ರವು 14 ಭಾರಿ ಚಕ್ರಗಳಿಂದಲೂ 200ಕ್ಕೂ ಹೆಚ್ಚು ಪಂಪುಗಳಿಂದಲೂ ಸೀನ್ ನದಿಯ ನೀರನ್ನು ಎತ್ತರದ ದಿಣ್ಣೆಗೆ ಏರಿಸಿತು. ಅದೂ ಸಾಲದೆ 1685ರಲ್ಲಿ ಯೂರ್ ನದಿಯನ್ನೇ ಸುಮಾರು 80 ಕಿಲೋಮೀಟರ್ ಉದ್ದದ ಕಾಲುವೆಯಿಂದ ತರುವ ಯೋಜನೆ ಆರಂಭವಾಯಿತು. ಸಾವಿರಾರು ಸೈನಿಕರನ್ನು ಮಣ್ಣು ಅಗೆಯಲು ಹಚ್ಚಲಾಯಿತು. ಜ್ವರ ಅವರಲ್ಲಿ ಬಹುಮಂದಿಯನ್ನು ಬಲಿ ತೆಗೆದುಕೊಂಡಿತು. ಆ ಶಿಬಿರಗಳಲ್ಲಿ ರೋಗಿಗಳ ಬಗ್ಗೆ, ಅದರಲ್ಲೂ ಸತ್ತವರ ಬಗ್ಗೆ, ಮಾತನಾಡುವುದನ್ನೇ ಕಠಿಣ ಶಿಕ್ಷೆಯ ಭಯದಿಂದ ನಿಷೇಧಿಸಲಾಗಿತ್ತೆಂದು ಸೇಂ-ಸಿಮೋಂ ತನ್ನ ಸ್ಮೃತಿಗ್ರಂಥದಲ್ಲಿ ಹೇಳುತ್ತಾನೆ. ಸೇಂ-ಸಿಮೋಂ ಅರಸನ ಬಗ್ಗೆ ಸದಭಿಪ್ರಾಯವುಳ್ಳವನಲ್ಲ. ಬರೆದದ್ದೂ ದಶಕಗಳ ಬಳಿಕ. ಆದರೆ ಅರಮನೆಯ ಕೆಲಸದಲ್ಲಿ ಸಾವುಗಳಾಗುತ್ತಿದ್ದುದಕ್ಕೆ ಸಮಕಾಲೀನ ಸಾಕ್ಷ್ಯವೂ ಉಂಟು. ಪತ್ರಸಾಹಿತ್ಯಕ್ಕೆ ಹೆಸರಾದ ಮದಾಂ ದ ಸೆವಿನ್ಯೆ 1678ರ ಅಕ್ಟೋಬರಿನ ಪತ್ರವೊಂದರಲ್ಲಿ, ವರ್ಸೇಲ್ಸಿನಿಂದ ರಾತ್ರಿಯ ಹೊತ್ತು ಸತ್ತ ಕೆಲಸಗಾರರ ಹೆಣಗಳನ್ನು ಗಾಡಿಗಟ್ಟಲೆ ಸಾಗಿಸುತ್ತಿದ್ದುದನ್ನು ದಾಖಲಿಸಿದ್ದಾಳೆ. 1688ರಲ್ಲಿ ಯುದ್ಧ ತೊಡಗಿತು. ಕಾಲುವೆ ಅರ್ಧಕ್ಕೇ ನಿಂತಿತು. ಯೂರ್ ನದಿ ವರ್ಸೇಲ್ಸನ್ನು ಮುಟ್ಟಲೇ ಇಲ್ಲ. ಅದರ ಮರುವರ್ಷವೇ ಅರಸನ ಮಾರ್ಗದರ್ಶಿಯ ಮೊದಲ ಪಾಠ ಹುಟ್ಟಿತೆಂಬುದು ನೆನಪಿಡಬೇಕಾದ ಸಂಗತಿ.

ವೈಭವಕ್ಕೂ ವಾಸ್ತವಕ್ಕೂ ನಡುವಿನ ಈ ಅಂತರವನ್ನು ಶತಮಾನದ ಬಳಿಕ ಕರ್ನಾಟಕದಿಂದ ಹೋದವರೂ ಎದುರಿಸಿದರು. ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವನ್ನು ಕೋರಿ ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳನ್ನು 1788ರ ಆಗಸ್ಟ್ 10ರಂದು 16ನೆಯ ಲೂಯಿ ವರ್ಸೇಲ್ಸಿನ ಹರ್ಕ್ಯುಲಿಸ್ ಸಭಾಂಗಣದಲ್ಲಿ ಬರಮಾಡಿಕೊಂಡನು. ಸ್ವಾಗತ ಅದ್ದೂರಿಯಾಗಿತ್ತು, ಕೋರಿದ ಸೈನಿಕ ಮೈತ್ರಿ ದೊರೆಯಲಿಲ್ಲ. ಆ ಭೇಟಿಯಾದ ಆರೇ ದಿನಗಳಲ್ಲಿ, ಆಗಸ್ಟ್ 16ರಂದು, ಫ್ರಾನ್ಸಿನ ಬೊಕ್ಕಸ ತನ್ನ ಸಾಲಗಳಿಗೆ ನಗದು ಪಾವತಿಯನ್ನು ನಿಲ್ಲಿಸಿತು. ಈಸೋಪನ ಚಕ್ರವ್ಯೂಹ ಆ ವೇಳೆಗಾಗಲೇ ನಾಶವಾಗಿತ್ತು. 1775ರ ಸುಮಾರಿಗೆ ಅದನ್ನು ಕೆಡವಿ ಆ ಜಾಗದಲ್ಲಿ ಹೊಸ ತೋಪನ್ನು ಬೆಳೆಸಲಾಗಿತ್ತು.

ಇಂದಿಗೂ ವರ್ಸೇಲ್ಸಿನಲ್ಲಿ ಗೊತ್ತುಪಡಿಸಿದ ದಿನಗಳಲ್ಲಿ ಕಾರಂಜಿಗಳು ಚಿಮ್ಮುತ್ತವೆ. ಸಂದರ್ಶಕರು ಬಹುಮಟ್ಟಿಗೆ ಅರಸ ನಿಲ್ಲೆಂದ ಕಡೆಯಲ್ಲಿಯೇ ನಿಂತು ನೋಡುತ್ತಾರೆ. ಅವನ ಪಠ್ಯ ಹೇಳದೆ ಬಿಟ್ಟ ಭಾಗವನ್ನು ಓದಬೇಕೆನ್ನುವವರು ಅಲ್ಲಿಂದ ನೈಋತ್ಯಕ್ಕೆ, ಮೇಂತೆನೋಂ ಎಂಬ ಊರಿಗೆ ಹೋಗಬೇಕು. ಯೂರ್ ಕಾಲುವೆಯನ್ನು ಕಣಿವೆಯ ಮೇಲೆ ದಾಟಿಸಲು ಸೈನಿಕರು ಕಟ್ಟಿದ ಕಲ್ಲಿನ ಕಮಾನುಗಳು ಅಲ್ಲಿನ ಉದ್ಯಾನದ ಅಂಚಿನಲ್ಲಿ ಪಾಳಾಗಿ ನಿಂತಿವೆ. ವರ್ಸೇಲ್ಸಿಗೆ ಹೊರಟ ಯೂರ್ ನದಿಯ ಒಂದು ಹನಿಯೂ ಅವುಗಳ ಮೇಲೆ ಹರಿಯಲಿಲ್ಲ.