ಪ್ರಶ್ನೆ ಯಾರದು, ನೋವು ಯಾರದು: ದೀರ್ಘಕಾಲಿಕ ನೋವಿನ ಡಿಜಿಟಲ್ ದಿನಚರಿಗಳಲ್ಲಿ ಬಳಕೆದಾರ ಕೇಂದ್ರಿತ ವಿನ್ಯಾಸ

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗ ನೋವಿನ ಸಂಶೋಧಕರನ್ನು ಇರಿಸುಮುರಿಸಿಗೆ ಸಿಲುಕಿಸುವಂಥದ್ದು. ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ದೀರ್ಘಕಾಲಿಕ ನೋವಿರುವ 80 ಮಂದಿಯಲ್ಲಿ ಅರ್ಧ ಜನರಿಗೆ ಕಾಗದದ ದಿನಚರಿಯನ್ನೂ ಉಳಿದವರಿಗೆ ಅಂಗೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ದಿನಚರಿಯನ್ನೂ ಕೊಟ್ಟರು. ದಿನಕ್ಕೆ ಮೂರು ಸಲ, ಗೊತ್ತುಪಡಿಸಿದ ಹೊತ್ತಿಗೆ, ನೋವನ್ನು ದಾಖಲಿಸಬೇಕಿತ್ತು. ಕಾಗದದ ದಿನಚರಿಯ ಬೈಂಡರಿನಲ್ಲಿ ಬೆಳಕಿನ ಸಂವೇದಕವೊಂದನ್ನು ಅಡಗಿಸಿಟ್ಟಿದ್ದರು. ಬೈಂಡರು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದೆಲ್ಲ ಅದರಲ್ಲಿ ಉಳಿಯುತ್ತಿತ್ತು. ರೋಗಿಗಳು ಬರೆದುಕೊಟ್ಟ ಪ್ರಕಾರ ಹೊತ್ತಿಗೆ ಸರಿಯಾಗಿ ತುಂಬಿದ ಪ್ರಮಾಣ ಶೇ. 90. ಸಂವೇದಕದ ಲೆಕ್ಕದಲ್ಲಿ ಅದು ಶೇ. 11. ಬೈಂಡರನ್ನು ಮುಟ್ಟಿಯೇ ಇರದ ದಿನಗಳು ಶೇ. 32ರಷ್ಟಿದ್ದವು, ಆ ದಿನಗಳ ಪುಟಗಳೂ ಹೆಚ್ಚುಕಡಿಮೆ ಪೂರ್ತಿ ತುಂಬಿ ಬಂದಿದ್ದವು! ಎಲೆಕ್ಟ್ರಾನಿಕ್ ದಿನಚರಿಯಲ್ಲಿ ಮಾತ್ರ ಶೇ. 94ರಷ್ಟು ದಾಖಲೆ ಹೊತ್ತಿಗೆ ಸರಿಯಾಗಿ ಸೇರಿತ್ತು.

ಕಾಗದವನ್ನು ಬಿಟ್ಟು ಯಂತ್ರಕ್ಕೆ ಬನ್ನಿ ಎಂಬ ಪಾಠವನ್ನು ಇದರಿಂದ ಕಲಿಯುವುದು ಸುಲಭ, ಅದು ತಪ್ಪೂ ಅಲ್ಲ. ಆದರೆ ಯಂತ್ರ ಗೆದ್ದದ್ದು ಹೇಗೆ ಎಂದು ನೋಡಬೇಕು. ಅದು ಹೊತ್ತಿಗೆ ಸರಿಯಾಗಿ ಸದ್ದು ಮಾಡುತ್ತಿತ್ತು, ಹೊತ್ತು ಮೀರಿದ ಮೇಲೆ ಹಿಂದಿನದನ್ನು ತುಂಬಲು ಬಿಡುತ್ತಿರಲಿಲ್ಲ. ಅಂದರೆ ಪರಿಹಾರವಾದದ್ದು ಸಂಶೋಧಕನ ಸಮಸ್ಯೆ. ತನ್ನ ನೋವನ್ನು ದಿನಕ್ಕೆ ಮೂರು ಸಲ ಬರೆದುಕೊಡುವುದರಿಂದ ತನಗೇನು ಸಿಕ್ಕಿತು ಎಂಬ ರೋಗಿಯ ಪ್ರಶ್ನೆ ಇದ್ದಲ್ಲೇ ಇತ್ತು. ಬೈಂಡರನ್ನು ತೆರೆಯದ ದಿನಗಳನ್ನು ನಾನು ರೋಗಿಯ ಅಪ್ರಾಮಾಣಿಕತೆ ಎಂದು ಓದುವುದಿಲ್ಲ. ತನಗೆ ಉಪಯೋಗವಿಲ್ಲದ ಕೆಲಸವನ್ನು ಒಪ್ಪಿಕೊಂಡ ಮನುಷ್ಯ ಮಾಡುವುದನ್ನೇ ಅವರು ಮಾಡಿದ್ದಾರೆ.

ಬಳಕೆದಾರ ಕೇಂದ್ರಿತ ವಿನ್ಯಾಸ ಎಂಬ ಚಿಂತನೆ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. 1985ರಲ್ಲಿ ಗೌಲ್ಡ್ ಮತ್ತು ಲೂಯಿಸ್ ಅದರ ಮೂರು ಸೂತ್ರಗಳನ್ನು ಹೇಳಿದ್ದರು: ಬಳಸುವವರನ್ನೂ ಅವರ ಕೆಲಸವನ್ನೂ ಮೊದಲೇ ಅರಿಯುವುದು, ಬಳಕೆಯನ್ನು ಅಳೆದು ನೋಡುವುದು, ತಿದ್ದಿ ಮತ್ತೆ ಪರೀಕ್ಷಿಸುವುದು. ಈಗ ಇದಕ್ಕೆ ಐಎಸ್‌ಒ 9241-210 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. 2010ರಲ್ಲಿ ಬಂದದ್ದು 2019ರಲ್ಲಿ ಪರಿಷ್ಕೃತವಾಗಿದೆ. ಆದರೂ ನೋವಿನ ಆ್ಯಪ್‌ಗಳ ಚರ್ಚೆಯಲ್ಲಿ ಈ ಸೂತ್ರಗಳು ಪರದೆಯ ಮಟ್ಟದಲ್ಲೇ ನಿಂತುಬಿಡುತ್ತವೆ: ಗುಂಡಿ ದೊಡ್ಡದಿದೆಯೇ, ಅಕ್ಷರ ಕಾಣುತ್ತದೆಯೇ, ಎಷ್ಟು ಸಲ ಒತ್ತಬೇಕು. ಏನನ್ನು ಕೇಳಬೇಕು ಎಂಬುದು ಅಷ್ಟರಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ರೋಗಿಯನ್ನು ಕೂರಿಸಿಕೊಳ್ಳಬೇಕಾದದ್ದು ಆ ತೀರ್ಮಾನದ ಹೊತ್ತಿನಲ್ಲಿ ಎಂಬುದು ಈ ಲೇಖನದ ವಾದ.

ಟೊರಾಂಟೊದ ಸಿಕ್‌ಕಿಡ್ಸ್ ಮಕ್ಕಳ ಆಸ್ಪತ್ರೆಯಲ್ಲಿ ಜೆನಿಫರ್ ಸ್ಟಿನ್ಸನ್ ಅವರ ತಂಡ ರೂಪಿಸಿದ ಪೇನ್ ಸ್ಕ್ವಾಡ್ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಕ್ಯಾನ್ಸರ್ ಇರುವ ಹದಿಹರೆಯದವರಿಗಾಗಿ ಮಾಡಿದ ಆ್ಯಪ್. ನಮ್ಮ ವಿಷಯಕ್ಕೆ ಸೋದರ ಸಂಬಂಧಿ ಎನ್ನಬಹುದು. ಬಳಸುವ ಹುಡುಗ ಹುಡುಗಿಯರು ಪೊಲೀಸ್ ಪಡೆಯೊಂದರ ಸದಸ್ಯರಾಗುತ್ತಾರೆ, ದಿನಕ್ಕೆರಡು ಸಲ ನೋವಿನ ವರದಿ ಒಪ್ಪಿಸುತ್ತಾರೆ, ವರದಿ ತಪ್ಪದಿದ್ದರೆ ಹುದ್ದೆಯಲ್ಲಿ ಬಡ್ತಿ. ಕೆನಡಾದ ಪೊಲೀಸ್ ಧಾರಾವಾಹಿಗಳ ನಟರೇ ವಿಡಿಯೊದಲ್ಲಿ ಬಂದು ಬೆನ್ನು ತಟ್ಟುತ್ತಾರೆ. 2013ರಲ್ಲಿ ಪ್ರಕಟವಾದ ಪ್ರಾಥಮಿಕ ಪರೀಕ್ಷೆಯಲ್ಲಿ ವರದಿಯ ಪ್ರಮಾಣ ಸರಾಸರಿ ಶೇ. 81 ಇತ್ತು. ಭಾಗವಹಿಸಿದವರು ಕೇವಲ 14 ಮಂದಿ, ಅವಧಿ ಎರಡು ವಾರ. ಹಾಗಾಗಿ ಅಂಕಿಯನ್ನು ಹಿಗ್ಗಿಸಿ ಓದಬಾರದು. ಮಕ್ಕಳಿಗೆ ಇಲ್ಲಿ ಪ್ರತಿಯಾಗಿ ಏನೋ ಸಿಗುತ್ತಿತ್ತು ಎಂಬುದು ಮುಖ್ಯ. ಆದರೆ ಐವತ್ತರ ಸೊಂಟನೋವಿನವರಿಗೆ ಬಡ್ತಿಯ ಆಮಿಷ ಎಷ್ಟು ವಾರ ಬಂದೀತು?

ಕೇಳುವ ಪ್ರಶ್ನೆಗೆ ಬರೋಣ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ಕೊಟ್ಟ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿತು; ತನಗೆ ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಜೊತೆಗೆ ಸೇರಿಸಿತು. ಮೂರು ತಿಂಗಳು ಮೀರಿ ಉಳಿದ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ಎನ್ನುತ್ತಾರೆ. ಇಂಥ ನೋವಿನ ಜೊತೆ ವರ್ಷಗಟ್ಟಲೆ ಬದುಕುವವರನ್ನು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಆರಿಸಿ ಎಂದು ದಿನವೂ ಕೇಳಿದರೆ, ದಿನವೂ ಆರೋ ಏಳೋ ಬರುತ್ತದೆ. ಸಂಖ್ಯೆ ಬೇಡವೆಂದು ಮುಖಚಿತ್ರಕ್ಕೆ ಹೋದರೂ ಜಾಣ್ಮೆ ಬೇಕು. 2001ರ ಪರಿಷ್ಕೃತ ಮುಖಚಿತ್ರ ಮಾಪಕದಲ್ಲಿ ಆರು ಮುಖಗಳಿವೆ. ನೋವಿಲ್ಲದ ಮುಖ ನಗುವುದಿಲ್ಲ, ಅತಿ ನೋವಿನ ಮುಖದಲ್ಲಿ ಕಣ್ಣೀರಿಲ್ಲ. ನೋವಿಲ್ಲದಿರುವುದೇ ಸಂತೋಷವಲ್ಲ, ಅಳದವರಿಗೂ ನೋವಿರುತ್ತದೆ ಎಂಬ ತಿಳಿವಳಿಕೆ ಆ ರೇಖೆಗಳಲ್ಲಿದೆ. ಸುಮ್ಮನೆ ಇಮೋಜಿ ಸಾಲೊಂದನ್ನು ತಂದು ಅಂಟಿಸುವ ಆ್ಯಪ್ ಈ ತಿಳಿವಳಿಕೆಯನ್ನು ಕಳೆದುಕೊಳ್ಳುತ್ತದೆ. 2009ರಲ್ಲಿ ಬಂದ ಪೆಗ್ ಮಾಪಕ ಇನ್ನೂ ಬುದ್ಧಿವಂತಿಕೆಯದು: ಮೂರೇ ಪ್ರಶ್ನೆ, ಅದರಲ್ಲಿ ನೋವಿನ ತೀವ್ರತೆಗೆ ಒಂದು, ಉಳಿದೆರಡು, ನೋವು ಬದುಕಿನ ಸಂತೋಷಕ್ಕೆ ಮತ್ತು ದಿನದ ಚಟುವಟಿಕೆಗೆ ಎಷ್ಟು ಅಡ್ಡಬಂತು ಎಂಬುದಕ್ಕೆ.

ಪ್ರಶ್ನೆಯೇ ಬಳಸುವವರದ್ದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಯನ ಒಳ್ಳೆಯ ನಿದರ್ಶನ. ಮೋಡ ಕವಿದರೆ ಕೀಲು ಹಿಡಿಯುತ್ತದೆ ಎಂಬುದು ಸಂಧಿವಾತದವರ ಹಳೆಯ ಮಾತು. ವಿಲ್ ಡಿಕ್ಸನ್ ಅವರ ತಂಡ 2016ರಲ್ಲಿ ಅದನ್ನೇ ಸಂಶೋಧನೆಯ ಪ್ರಶ್ನೆಯಾಗಿಸಿತು. ಫೋನಿನಲ್ಲಿ ಹತ್ತು ಎಸಳಿನ ಹೂವಿನಂಥ ಚಿತ್ರ. ಒಂದೊಂದು ಎಸಳನ್ನೂ ಬೆರಳಿನಿಂದ ಹೊರಕ್ಕೆಳೆದರೆ ನೋವು, ನಿದ್ದೆ, ಮನಸ್ಸಿನ ಸ್ಥಿತಿಗಳಿಗೆ ಅಂಕ ಕೊಟ್ಟಂತೆ. ಫೋನು ಇರುವ ಸ್ಥಳ ನೋಡಿಕೊಂಡು ಹತ್ತಿರದ ಹವಾಮಾನ ಕೇಂದ್ರದ ಮಾಹಿತಿ ತಾನಾಗಿ ಜೋಡಣೆಯಾಗುತ್ತಿತ್ತು. 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 2,658 ಮಂದಿಯ ದಾಖಲೆಗಳಿದ್ದವು. ಗಾಳಿಯಲ್ಲಿನ ತೇವಾಂಶಕ್ಕೂ ನೋವಿಗೂ ಎಲ್ಲಕ್ಕಿಂತ ಗಟ್ಟಿಯಾದ ನಂಟು ಕಂಡಿತು, ವಾಯುಭಾರ ಮತ್ತು ಗಾಳಿಯ ವೇಗದ ಪಾತ್ರವೂ ಇತ್ತು. ಪರಿಣಾಮ ದೊಡ್ಡದೇನಲ್ಲ. ಆದರೂ ಸಾವಿರಾರು ಜನ ತಿಂಗಳುಗಟ್ಟಲೆ ದಾಖಲಿಸಿದ್ದು, ಉತ್ತರ ತಮಗೂ ಬೇಕಾಗಿದ್ದರಿಂದ ಎಂದು ನನ್ನ ಅನಿಸಿಕೆ.

ಇಲ್ಲೂ ಬಿಟ್ಟುಹೋದವರಿದ್ದರು. ಬಳಕೆಯ ರೀತಿಯನ್ನು ವಿಂಗಡಿಸಿದ ಸಂಶೋಧಕರು ನಾಲ್ಕು ಗುಂಪು ಮಾಡಿ, ಬಂದು ನೋಡಿ ಹೋದವರ ಗುಂಪಿಗೆ ಪ್ರವಾಸಿಗರು ಎಂದು ಹೆಸರಿಟ್ಟರು. ಆ ತಮಾಷೆಯ ಹಿಂದೆ ಗಂಭೀರವಾದ ತೊಡಕಿದೆ. ನೋವಿನ ದಿನಚರಿಯಲ್ಲಿ ಖಾಲಿ ದಿನಗಳು ಯಾದೃಚ್ಛಿಕವಾಗಿ ಬರುವುದಿಲ್ಲ. ನೋವು ಮಿತಿಮೀರಿದ ದಿನ ಫೋನನ್ನೆತ್ತುವ ಶಕ್ತಿಯಿರುವುದಿಲ್ಲ. ನೋವೇ ಇಲ್ಲದ ದಿನ ಅದರ ನೆನಪೇ ಬೇಡವಾಗಿರುತ್ತದೆ. ಎರಡೂ ದಿನಗಳು ನಕ್ಷೆಯಲ್ಲಿ ಒಂದೇ ಬಗೆಯ ಖಾಲಿ ಜಾಗವಾಗಿ ಕಾಣುತ್ತವೆ. ಸರಾಸರಿ ತೆಗೆಯುವ ಗಣಿತ ನಡುವಿನ ದಿನಗಳನ್ನಷ್ಟೇ ಹಿಡಿದುಕೊಂಡು, ಈ ರೋಗಿಯ ಸ್ಥಿತಿ ಸ್ಥಿರವಾಗಿದೆ ಎನ್ನುತ್ತದೆ. ಹತ್ತು ಪ್ರಶ್ನೆಯ ಫಾರಂ ಜೊತೆಗೆ, ಬೀಗ ತೆಗೆಯದ ಪರದೆಯ ಮೇಲೇ ಒತ್ತಬಹುದಾದ ‘ಇವತ್ತು ಆಗೋದಿಲ್ಲ’ ಎಂಬ ಒಂದೇ ಗುಂಡಿ ಇದ್ದರೆ, ಆ ಒಂದು ಒತ್ತು ಉಳಿದೆಲ್ಲ ಅಂಕಿಗಳಿಗಿಂತ ಹೆಚ್ಚು ಹೇಳೀತು. ಮಾರನೆಯ ದಿನ ‘ನಿನ್ನೆ ನೋವು ಹೆಚ್ಚಿತ್ತೇ, ಮರೆತಿರೇ?’ ಎಂದು ಕೇಳುವ ಸೌಜನ್ಯವೂ ಬೇಕು. ನೆನಪಿನಿಂದ ಬರೆದದ್ದು ಅಷ್ಟು ನಿಖರವಲ್ಲ ಎಂದು ಸ್ಟೋನ್ ತಂಡ ಆಕ್ಷೇಪಿಸಬಹುದು. ನೆನಪಿನ ಉತ್ತರವೆಂದು ಗುರುತು ಹಾಕಿಟ್ಟರೆ ಆ ಆಕ್ಷೇಪಕ್ಕೆ ಸಮಾಧಾನ ಸಿಗುತ್ತದೆ.

ನೋವನ್ನು ಮತ್ತೆ ಮತ್ತೆ ಕೇಳಿದರೆ ನೋವೇ ಹೆಚ್ಚುವುದಿಲ್ಲವೇ ಎಂಬ ಅಳುಕು ವೈದ್ಯರಲ್ಲಿದೆ. ದಿನಕ್ಕೆ 3, 6, 12 ಸಲ ಕೇಳಿ ನೋಡಿದ 2003ರ ಪ್ರಯೋಗದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಆದರೆ ಅದು ಎರಡು ವಾರದ್ದು. ಕೇಳುವುದನ್ನೇ ಬಿಟ್ಟು ಕಲಿಸುವ ದಾರಿಯೂ ಇದೆ. ಅಮೆರಿಕದ ಎಫ್‌ಡಿಎ 2021ರ ನವೆಂಬರ್‌ನಲ್ಲಿ ದೀರ್ಘಕಾಲಿಕ ಸೊಂಟನೋವಿಗೆ ಅನುಮತಿ ಕೊಟ್ಟ ವರ್ಚುವಲ್ ರಿಯಾಲಿಟಿ ಸಾಧನದಲ್ಲಿ 8 ವಾರಗಳ 56 ಪಾಠಗಳಿವೆ. ತಲೆಗೆ ಕಟ್ಟಿಕೊಳ್ಳುವ ಆ ಸಾಧನದಲ್ಲಿ ಬಳಸುವವರ ಉಸಿರಾಟವನ್ನು ಗ್ರಹಿಸುವ ಏರ್ಪಾಡಿದೆ, ಮನೆಯಲ್ಲೇ ಬಳಸಬಹುದು. ಅದರ ಪರೀಕ್ಷೆಯಲ್ಲಿ ಶೇ. 30ಕ್ಕಿಂತ ಹೆಚ್ಚು ನೋವು ತಗ್ಗಿತೆಂದವರು ಚಿಕಿತ್ಸೆಯ ಗುಂಪಿನಲ್ಲಿ ಶೇ. 66, ಹೋಲಿಕೆಯ ಗುಂಪಿನಲ್ಲಿ ಶೇ. 41.

ಕನ್ನಡದಲ್ಲಿ ನೋವಿನ ದಿನಚರಿ ಮಾಡುವವರಿಗೆ ಒಂದು ಎಚ್ಚರಿಕೆ. ಮಂಡಿಯ ಸಂಧಿವಾತಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ವೊಮ್ಯಾಕ್ ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿವೆ. ಅವುಗಳಲ್ಲಿ 17 ದೈನಂದಿನ ಕೆಲಸಗಳಿಗೆ ಸಂಬಂಧಿಸಿದವು. ಕಾರು ಹತ್ತಿ ಇಳಿಯುವುದು, ಸ್ನಾನದ ತೊಟ್ಟಿಗೆ ಇಳಿದು ಏಳುವುದು, ಕಾಲುಚೀಲ ಹಾಕಿಕೊಳ್ಳುವುದು ಅಲ್ಲಿವೆ. ಕುಕ್ಕರಗಾಲಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಬಗ್ಗಿ ನಾಟಿ ಮಾಡುವುದು, ತುಂಬಿದ ಕೊಡ ಸೊಂಟಕ್ಕೇರಿಸುವುದು ಇಲ್ಲ. ಇದನ್ನು ಎಷ್ಟೇ ಅಚ್ಚುಕಟ್ಟಾಗಿ ಕನ್ನಡಿಸಿದರೂ ಮಂಡ್ಯದ ಗದ್ದೆಯಲ್ಲಿ ದುಡಿಯುವ ಹೆಂಗಸಿನ ಮಂಡಿನೋವು ಅದರಲ್ಲಿ ಪೂರಾ ಸಿಕ್ಕುವುದಿಲ್ಲ.

ಇದಕ್ಕೆ ಉಪಾಯ ಹಳೆಯ ಕಾಗದದ ಮಾಪಕವೊಂದರಲ್ಲೇ ಇದೆ. 1995ರಲ್ಲಿ ಸ್ಟ್ರಾಟ್‌ಫರ್ಡ್ ಮತ್ತು ಸಹಲೇಖಕರು ಪ್ರಕಟಿಸಿದ ರೋಗಿ-ನಿರ್ದಿಷ್ಟ ಕಾರ್ಯಮಾಪಕದಲ್ಲಿ ಮೊದಲೇ ಬರೆದಿಟ್ಟ ಪಟ್ಟಿಯೇ ಇಲ್ಲ. ತಮಗೆ ಕಷ್ಟವಾಗಿರುವ ಕೆಲಸಗಳನ್ನು ರೋಗಿಯೇ ಹೆಸರಿಸುತ್ತಾರೆ. ಕೊಂಚವೂ ಮಾಡಲಾಗದಿದ್ದರೆ ಸೊನ್ನೆ, ಮುಂಚಿನಂತೆಯೇ ಮಾಡಬಲ್ಲೆನೆಂದರೆ ಹತ್ತು. ಓದುಬರಹ ಬಾರದವರ ಮಾತನ್ನು ಫೋನು ಧ್ವನಿಯಲ್ಲೇ ಹಿಡಿದಿಟ್ಟು, ಮುಂದಿನ ವಾರ ಅವರ ದನಿಯಲ್ಲೇ ‘ಕೊಡ ಎತ್ತೋದು ಹೇಗಾಯ್ತು?’ ಎಂದು ಕೇಳಿಸಬಹುದು. ತಂತ್ರಜ್ಞಾನಕ್ಕೆ ಇದು ಕಷ್ಟವಲ್ಲ. ಬೆಲೆ ತೆರಬೇಕಾದವರು ಸಂಶೋಧಕರು: ಒಬ್ಬರು ಕೊಡ ಎತ್ತುವ ಲೆಕ್ಕ ಕೊಟ್ಟರೆ ಇನ್ನೊಬ್ಬರು ಜಗಲಿಯಲ್ಲಿ ಕೂರುವ ಲೆಕ್ಕ ಕೊಡುತ್ತಾರೆ, ಎರಡನ್ನೂ ಒಂದೇ ಕೋಷ್ಟಕದಲ್ಲಿಟ್ಟು ಸರಾಸರಿ ತೆಗೆಯಲು ಬರುವುದಿಲ್ಲ. ಅಂಥ ಹೋಲಿಕೆಗೆ ಪೆಗ್‌ನ ಮೂರು ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಪ್ರತ್ಯೇಕವಾಗಿ ಕೇಳಿಕೊಂಡು, ದಿನದ ಪರದೆಯನ್ನು ರೋಗಿಯ ಪಟ್ಟಿಗೇ ಬಿಟ್ಟುಕೊಡಬಹುದು.