ಮಾನಸೋಲ್ಲಾಸದ ‘ರಸಚಿತ್ರ’: ಚಿತ್ರಶಾಸ್ತ್ರದ ಕೆಲವು ಪಾರಿಭಾಷಿಕ ಶಬ್ದಗಳ ವಿಚಾರ

ಪಾರಿಭಾಷಿಕ ಶಬ್ದದ ಅರ್ಥವನ್ನು ಕೋಶವೊಂದರಿಂದಲೇ ನಿರ್ಣಯಿಸಲು ಹೊರಟರೆ ಎಷ್ಟರಮಟ್ಟಿಗೆ ಸಾಗಬಹುದೆಂಬುದಕ್ಕೆ ನನ್ನ ಊರಿನ ಹೆಸರೇ ಒಂದು ನಿದರ್ಶನ. ಮಾಲೂರು ತಾಲ್ಲೂಕಿನ ಮಾಸ್ತಿಯೆಂದೊಡನೆ ಕನ್ನಡಿಗರಿಗೆ ‘ಶ್ರೀನಿವಾಸ’ರ ನೆನಪಾಗುವುದು ಸಹಜವಷ್ಟೆ. ‘ಮಾಸ್ತಿ’ ಎಂಬುದು ‘ಮಹಾಸತಿ’ ಶಬ್ದದ ತದ್ಭವವೆಂದು ವ್ಯಾಕರಣವು ಹೇಳಿ ಸುಮ್ಮನಾಗುತ್ತದೆ. ಮಾಸ್ತಿಕಲ್ಲೆಂದರೇನೆಂಬುದನ್ನು ತಿಳಿಯಬೇಕಾದರೆ ಕಲ್ಲಿನ ಎದುರಿಗೇ ಹೋಗಿ ನಿಲ್ಲಬೇಕು. ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಿದು ಮೇಲಕ್ಕೆತ್ತಿದ ತೋಳು, ಅದರ ತುಂಬ ಬಳೆಗಳು, ಅನೇಕ ಕಲ್ಲುಗಳಲ್ಲಿ ಬೆರಳುಗಳ ನಡುವೆ ಒಂದು ನಿಂಬೆಯ ಹಣ್ಣು. ಇಷ್ಟು ಕಣ್ಣಿಗೆ ಬಿದ್ದ ಮೇಲೆಯೇ ಶಬ್ದವು ಅರ್ಥವತ್ತಾಗುವುದು. ಚಿತ್ರಶಾಸ್ತ್ರದ ಶಬ್ದಗಳ ವಿಷಯದಲ್ಲಿಯೂ ಹೀಗೆಯೇ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಬಹಳ ತಡವಾಗಿ, ಒಂದು ತಪ್ಪನ್ನು ಅನೇಕ ವರ್ಷ ಪಾಠ ಹೇಳಿದ ಬಳಿಕ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು, ಅರ್ಥಾತ್ ಅಭಿಲಷಿತಾರ್ಥಚಿಂತಾಮಣಿಯು, ಶಕವರ್ಷ 1051ರ, ಎಂದರೆ ಕ್ರಿ. ಶ. 1129ರ ಸುಮಾರಿನ ಗ್ರಂಥ. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಈ ಮಹಾಗ್ರಂಥದ ಒಂದು ಭಾಗವನ್ನು ಆರ್. ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ 1926ರಲ್ಲಿ ಪ್ರಕಟಿಸಿದರು. ಬರೋಡೆಯ ಮುದ್ರಣವು 1925ರಲ್ಲಿ ಆರಂಭವಾಗಿ ಮೂರು ಸಂಪುಟಗಳಲ್ಲಿ ಪೂರ್ಣವಾಯಿತು. ಇದರ ಮೂರನೆಯ ವಿಂಶತಿಯಲ್ಲಿ ಅರಮನೆಯ ಗೋಡೆಗಳನ್ನು ಅಲಂಕರಿಸುವ ಪ್ರಸಂಗದಲ್ಲಿ ಚಿತ್ರವಿಷಯವು ಬಂದಿದೆ. ಚಿತ್ರವಿದ್ಯೆಯಲ್ಲಿ ತಾನು ಬ್ರಹ್ಮನೆಂದು ದೊರೆಯು ಹೇಳಿಕೊಂಡಿರುವುದನ್ನು ಕಂಡು ನಗುವವರು ನಗಬಹುದು. ಆದರೆ ಮುಂದಿನ ಶ್ಲೋಕಗಳನ್ನು ಓದಿದರೆ, ಈತನು ಕೆಲಸದವರ ಪಕ್ಕದಲ್ಲಿ ನಿಂತು ನೋಡಿದವನೆಂಬುದರಲ್ಲಿ ಸಂದೇಹವುಳಿಯುವುದಿಲ್ಲ. ಎಮ್ಮೆಯ ಹಸಿಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಕ್ರಮ. ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ ನುಣುಪಾದ ಗೋಡೆಗೆ ಹಚ್ಚುವ ಕ್ರಮ. ಕಾಡಿಗೆಯನ್ನು ಅನ್ನದೊಡನೆ ಅರೆದು ಹೊಸೆದು ರೇಖೆಯೆಳೆಯುವ ವರ್ತಿಕೆಯನ್ನು ಮಾಡುವ ಕ್ರಮ. ಬಿದಿರಿನ ಕಡ್ಡಿಯ ತುದಿಗೆ ತಾಮ್ರದ ಮೊನೆಯನ್ನು ಸೇರಿಸುವ ಕ್ರಮ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ದಪ್ಪ, ಮಧ್ಯಮ, ಸೂಕ್ಷ್ಮವೆಂಬ ಮೂರು ಬಗೆಯ ಲೇಖನಿಗಳನ್ನು ಕಟ್ಟುವ ಕ್ರಮ. ಬಂಗಾರವನ್ನು ಅರೆದು ತೊಳೆದು ವಜ್ರಲೇಪದೊಡನೆ ಹಚ್ಚಿ, ಹಂದಿಯ ಕೋರೆಯಿಂದ ತಿಕ್ಕಿ ಮಿರುಗಿಸಬೇಕೆನ್ನುವುದೂ ಅಲ್ಲಿಯೇ ಇದೆ. ಕೋರೆಯ ವಿಷಯವನ್ನು ಆಸ್ಥಾನಕವಿಯೊಬ್ಬನು ಕಲ್ಪನೆಯಿಂದ ಬರೆಯಲಾರನು.

ಇದೇ ಪ್ರಕರಣದಲ್ಲಿ ಸೋಮೇಶ್ವರನು ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವ, ರಸ, ಧೂಲಿ ಎಂದು ವಿಂಗಡಿಸುತ್ತಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧ. ಮನಸ್ಸಿಗೆ ತೋರಿದುದನ್ನು ಆಕಾರಮಾತ್ರದಿಂದ ಬರೆದದ್ದು ಅವಿದ್ಧ. ಇವೆರಡರಲ್ಲಿ ಕಷ್ಟವೇನೂ ಇಲ್ಲ. ನಾನು ಎಡವಿದ್ದು ನಾಲ್ಕನೆಯದರಲ್ಲಿ. ಅಲಂಕಾರಶಾಸ್ತ್ರವನ್ನು ಗುರುಮುಖದಿಂದ ಓದಿದವನಿಗೆ ‘ರಸ’ವೆಂದೊಡನೆ ಭರತನ ಸೂತ್ರವೇ ಕಿವಿಯಲ್ಲಿ ಮೊಳಗುತ್ತದೆ. ರಸಚಿತ್ರವೆಂದರೆ ಶೃಂಗಾರಾದಿ ರಸಗಳ ಅಭಿವ್ಯಕ್ತಿಯುಳ್ಳ ಚಿತ್ರವೆಂದು ನಾನು ವಿದ್ಯಾರ್ಥಿಗಳಿಗೆ ನಿಸ್ಸಂಕೋಚವಾಗಿ ಹೇಳುತ್ತಿದ್ದೆನು. ಆನಂದವರ್ಧನ, ಅಭಿನವಗುಪ್ತರನ್ನು ಕರೆತಂದು ಒಂದು ಗಂಟೆಯ ವ್ಯಾಖ್ಯಾನವನ್ನೂ ಬೆಳೆಸುತ್ತಿದ್ದೆನು. ಕೇಳಿದವರು ಸಂತೋಷಪಟ್ಟದ್ದುಂಟು.

ಕೆಲವು ವರ್ಷಗಳ ಹಿಂದೆ ಕೋಲಾರದ ಸೀಮೆಯ ಒಂದು ಗ್ರಾಮದ ದೇವಸ್ಥಾನದಲ್ಲಿ ರಥೋತ್ಸವಕ್ಕೆ ಮುಂಚೆ ವಾಹನಗಳಿಗೆ ಬಣ್ಣ ಹಾಕುತ್ತಿದ್ದ ವೃದ್ಧ ಚಿತ್ರಗಾರರೊಬ್ಬರ ಬಳಿ ಕುಳಿತಿದ್ದೆನು. ಅವರು ಚಿಪ್ಪಿನಲ್ಲಿದ್ದ ಬಣ್ಣಕ್ಕೆ ಅಂಟಿನ ನೀರನ್ನು ಬೆರಸಿ, ಕುಂಚವನ್ನದ್ದಿ, ಹನಿಯೊಂದನ್ನು ಉಗುರಿನ ಮೇಲೆ ಇಳಿಬಿಟ್ಟು ನೋಡಿ, “ಇನ್ನೂ ರಸ ಹದವಾಗಿಲ್ಲ” ಎಂದರು. ಆ ಮಾತು ಅವರಿಗೆ ಏನೂ ಅಲ್ಲ. ನಾನು ಮನೆಗೆ ಬಂದು ಪುಸ್ತಕವನ್ನು ತೆರೆದೆನು. ಶೃಂಗಾರಾದಿಗಳು ನೋಡಿದ ಮಾತ್ರಕ್ಕೆ ತಿಳಿಯಬರುವ ಚಿತ್ರವನ್ನು ಸೋಮೇಶ್ವರನು ಭಾವಚಿತ್ರವೆಂದು ಬೇರೆಯಾಗಿಯೇ ಹೇಳಿ ಮುಗಿಸಿದ್ದಾನೆ. ಅದರ ಮುಂದಿನದಾದ ರಸಚಿತ್ರವೆಂದರೆ ದ್ರವರೂಪವಾದ ಬಣ್ಣಗಳಿಂದ ಬರೆದದ್ದು. ಅದರ ಮುಂದಿನದಾದ ಧೂಲಿಚಿತ್ರವೆಂದರೆ ಪುಡಿಯ ಬಣ್ಣಗಳಿಂದ ಬರೆದದ್ದು, ಎಂದರೆ ನಮ್ಮ ಹೆಂಗಸರು ಬಾಗಿಲ ಮುಂದೆ ಇಡುವ ರಂಗವಲ್ಲಿ. ಒಂದು ನೀರಿನದು, ಒಂದು ಹುಡಿಯದು. ಗ್ರಂಥಕಾರನು ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ನಾನು ಲಕ್ಷಣಶ್ಲೋಕವನ್ನು ಬಿಟ್ಟು ಹೆಸರನ್ನು ಮಾತ್ರ ಓದಿದ್ದೆನು. ಶ್ರುತಿ ಮೊದಲಾದ ಆರು ಪ್ರಮಾಣಗಳಲ್ಲಿ ಸಮಾಖ್ಯೆಯು, ಎಂದರೆ ಹೆಸರು, ಕಟ್ಟಕಡೆಯದು ಮತ್ತು ಎಲ್ಲಕ್ಕಿಂತ ದುರ್ಬಲವಾದದ್ದೆಂದು ಪೂರ್ವಮೀಮಾಂಸೆಯಲ್ಲಿ ಬಾಲ್ಯದಲ್ಲಿಯೇ ಓದಿದವನು ನಾನು.

ನನ್ನ ತಪ್ಪಿಗೆ ಒಂದು ಆಧಾರವೂ ಇತ್ತೆಂಬುದನ್ನು ಹೇಳಬೇಕು. ಕೇರಳದ ಶ್ರೀಕುಮಾರನು 16ನೆಯ ಶತಮಾನದಲ್ಲಿ ರಚಿಸಿದ ಶಿಲ್ಪರತ್ನದಲ್ಲಿ ರಸಚಿತ್ರವೆಂದರೆ ಶೃಂಗಾರಾದಿಗಳನ್ನು ತೋರಿಸುವ ಚಿತ್ರವೇ ಸರಿ. ಸೋಮೇಶ್ವರನು ಭಾವಚಿತ್ರಕ್ಕೆ ಹೇಳಿದುದು ಅಲ್ಲಿ ರಸಚಿತ್ರದ ಪಾಲಿಗೆ ಬಂದಿದೆ. ಎರಡು ಶಾಸ್ತ್ರಗಳಲ್ಲಿ ಒಂದೇ ಹೆಸರು, ಎರಡು ವಸ್ತು. ಆದುದರಿಂದ ಶಿಲ್ಪರತ್ನದಿಂದ ಮಾನಸೋಲ್ಲಾಸಕ್ಕೆ ಅರ್ಥ ಹೇಳುವುದು ಯುಕ್ತವಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಸತ್ಯ, ವೈಣಿಕ, ನಾಗರ, ಮಿಶ್ರವೆಂದು ನಾಲ್ಕು ಬಗೆಗಳುಂಟು. ಇಲ್ಲಿಯ ನಾಗರವನ್ನು ದೇವಾಲಯಗಳ ನಾಗರ-ದ್ರಾವಿಡ-ವೇಸರಗಳ ನಾಗರವೆಂದು ತಿಳಿದವರೂ ಇದ್ದಾರೆ. ಅದೂ ಸಮಾಖ್ಯೆಯ ಮೋಸವೇ.

ಇಂತಹ ಮೋಸವು ನಮ್ಮಲ್ಲಿ ಮಾತ್ರವೇ ಇರುವುದೆಂದು ತಿಳಿಯಬೇಕಾದುದಿಲ್ಲ. ಚಿತ್ರದ ಪರಿಭಾಷೆಯನ್ನು ಅತ್ಯಂತ ವಿಸ್ತಾರವಾಗಿ ಬೆಳೆಸಿದ ದೇಶವೆಂದರೆ ಚೀನವೇ ಇರಬೇಕು. ಅಲ್ಲಿಯ ವಿದ್ವಾಂಸರೂ ಈ ತೊಡಕನ್ನು ಕಂಡಿದ್ದಾರೆ. ಮಿಂಗ್ ವಂಶದ ಕಾಲದ ಡೊಂಗ್ ಛಿಚಾಂಗ್ (1555–1636) ಎಂಬ ಅಧಿಕಾರಿಯೂ ಚಿತ್ರಕಾರನೂ ಆದ ಪಂಡಿತನು ಹಿಂದಿನ ಚಿತ್ರಕಾರರನ್ನೆಲ್ಲ ‘ಉತ್ತರ’, ‘ದಕ್ಷಿಣ’ವೆಂದು ಎರಡು ಸಂಪ್ರದಾಯಗಳಾಗಿ ಹಂಚಿದನು. ಹೆಸರನ್ನು ನಂಬಿದವರು ಭೂಪಟವನ್ನು ಬಿಚ್ಚಿಕೊಂಡು ಕುಳಿತುಕೊಳ್ಳುವರು. ಆದರೆ ಆ ಹೆಸರುಗಳು ಧ್ಯಾನಮಾರ್ಗದ ಬೌದ್ಧರ ಎರಡು ಪಂಗಡಗಳಿಂದ ಎರವಲು ತಂದವು. ದಕ್ಷಿಣದವನೆನಿಸಿದ ಚಿತ್ರಕಾರನು ಉತ್ತರದೇಶದಲ್ಲಿ ಹುಟ್ಟಿರಬಹುದು. ಜೀವನಕ್ಕಾಗಿ ಬರೆಯುವ ಆಸ್ಥಾನದ ಕುಶಲಕರ್ಮಿಗಳನ್ನು ಒಂದು ಕಡೆಗೂ, ಆತ್ಮತೃಪ್ತಿಗಾಗಿ ಬರೆಯುವ ವಿದ್ವಜ್ಜನರನ್ನು ಇನ್ನೊಂದು ಕಡೆಗೂ ನಿಲ್ಲಿಸಿ, ಎರಡನೆಯವರನ್ನು ಮೇಲೆನ್ನುವುದು ಅವನ ಆಶಯ. ಪಂಡಿತರು ಎಲ್ಲ ದೇಶಗಳಲ್ಲಿಯೂ ತಮ್ಮ ಪಂಕ್ತಿಗೆ ಮೊದಲು ಬಡಿಸಿಕೊಳ್ಳುತ್ತಾರೆ.

ಚೀನದವರ ಪರಿಭಾಷೆಯಲ್ಲಿ ನಮಗೆ ಹೆಚ್ಚು ಉಪಯುಕ್ತವಾದುದು ಕೈಕೆಲಸದ ಶಬ್ದಗಳು. ಸೂಕ್ಷ್ಮರೇಖೆಯಿಂದ ಎಲ್ಲವನ್ನೂ ತಿದ್ದಿ ಬರೆಯುವುದಕ್ಕೆ ಅವರು ಗೊಂಗ್‌ಬಿ ಎನ್ನುವರು. ಕೆಲವೇ ಗೀಟುಗಳಲ್ಲಿ ಮನೋಭಾವವನ್ನು ಇಳಿಸುವುದಕ್ಕೆ ಶ್ಯೆಯಿ ಎನ್ನುವರು. ಈ ಎರಡನೆಯ ಶಬ್ದದ ಅಕ್ಷರಾರ್ಥ ‘ಭಾವವನ್ನು ಬರೆಯುವುದು’ ಎಂದಾಗುತ್ತದೆ. ಅಕ್ಷರ ಬರೆಯುವುದಕ್ಕೂ ಅದೇ ಧಾತು. ಬೆಟ್ಟಬಂಡೆಗಳ ಮೈಯನ್ನು ತೋರಿಸುವ ಗೀಟುಗಳಿಗೆ ತ್ಸುನ್ ಎಂಬ ಹೆಸರಿದ್ದು, ಅವುಗಳಲ್ಲಿ ಸೆಣಬಿನ ನಾರಿನಂಥವು, ಕೊಡಲಿಯಿಂದ ಕಡಿದಂಥವು, ಮಳೆಯ ಹನಿಯಂಥವು ಎಂದು ಅನೇಕ ಭೇದಗಳುಂಟು. ವಿಷ್ಣುಧರ್ಮೋತ್ತರವು ಹೇಳುವ ಮೂರು ವರ್ತನೆಗಳನ್ನು, ಎಂದರೆ ಎಲೆಯ ನರಗಳಂತಹ ಗೀಟುಗಳ ಪತ್ರಜ, ಅತಿಸೂಕ್ಷ್ಮರೇಖೆಗಳ ಆಹೈರಿಕ, ಚುಕ್ಕೆಗಳ ಬಿಂದುಜಗಳನ್ನು, ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಮತ್ತೊಂದರಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ. ಎರಡೂ ಕಡೆ ಕುಂಚದ ತುದಿಯು ಮಾಡಬಲ್ಲ ಕೆಲಸವನ್ನು ನೋಡಿ ಇಟ್ಟ ಹೆಸರುಗಳೆಂಬಷ್ಟು ಮಾತ್ರ ತೋರುತ್ತದೆ.

ಬರೆಯುವ ಧಾತು ಒಂದೇ ಎಂದೆನಷ್ಟೆ. ಕನ್ನಡದಲ್ಲಿಯೂ ಅಕ್ಷರವನ್ನು ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಸಂಸ್ಕೃತದ ‘ಲಿಖ್’ ಧಾತುವಿನಿಂದ ಲೇಖವೂ ಆಲೇಖ್ಯವೂ ಹುಟ್ಟಿವೆ. ಹಾಗಾದರೆ ಚೀನದಲ್ಲಿ ಅಕ್ಷರಲೇಖನವು ಚಿತ್ರದ ಒಡಹುಟ್ಟಾಗಿ ಮಹಾಕಲೆಯೆನಿಸಿದಂತೆ ನಮ್ಮಲ್ಲಿ ಏಕೆ ಆಗಲಿಲ್ಲವೆಂಬ ಪ್ರಶ್ನೆ ಏಳುತ್ತದೆ. ಶಬ್ದವು ಒಂದಾಗಿದ್ದರೂ ಉಪಕರಣವು ಬೇರೆಯಾಯಿತೆಂಬುದೇ ಇದಕ್ಕೆ ಉತ್ತರವೆಂದು ನಾನೆಣಿಸುತ್ತೇನೆ. ಅಲ್ಲಿ ಕವಿಗೂ ಚಿತ್ರಕಾರನಿಗೂ ಅದೇ ಕುಂಚ, ಅದೇ ಮಸಿ, ಅದೇ ಕಾಗದ. ಇಲ್ಲಿ ಚಿತ್ರಕಾರನ ಕೈಯಲ್ಲಿ ಕರುವಿನ ಕೂದಲಿನ ಲೇಖನಿ. ಲಿಪಿಕಾರನ ಕೈಯಲ್ಲಿ ಓಲೆಗರಿಯನ್ನು ಗೀರುವ ಕಬ್ಬಿಣದ ಕಂಠ. ಗೀರಿದ ಮೇಲೆ ಕಾಡಿಗೆಯನ್ನು ಸವರಿದರೆ ಅಕ್ಷರವು ಕಾಣಿಸುತ್ತದೆ. ದಪ್ಪ-ತೆಳುವುಗಳ ಏರಿಳಿತಕ್ಕೆ ಕಂಠದಲ್ಲಿ ಎಡೆಯಿಲ್ಲ.

ನಮ್ಮಲ್ಲಿ ಅಕ್ಷರದ ಸೊಬಗು ಕಲ್ಲಿಗೆ ಹೋಯಿತು. ಅಲ್ಲಿಯ ಗೌರವವು ಕಡಿಮೆಯದಲ್ಲವೆಂಬುದಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿಯೇ ಸಾಕ್ಷಿ. ಇದರ ಕಾಲವೂ ಕ್ರಿ. ಶ. 1129, ಮಾನಸೋಲ್ಲಾಸದ ಸಮಕಾಲೀನವೆನ್ನಬಹುದು. ಶಾಸನದ ಕೊನೆಯಲ್ಲಿ, ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ ಎಂದು ಇಬ್ಬರ ಹೆಸರೂ ಬಿರುದುಸಮೇತವಾಗಿ ಬಂದಿವೆ. ಒಬ್ಬನು ಲೇಖಕ, ಇನ್ನೊಬ್ಬನು ರೂವಾರಿ. ‘ಬರೆ’, ‘ಕಂಡರಿಸು’ ಎಂಬ ಎರಡು ಕ್ರಿಯಾಪದಗಳು ಎರಡು ಕೈಗಳನ್ನು ಬೇರ್ಪಡಿಸಿ ತೋರಿಸುತ್ತವೆ. ನಮ್ಮ ಸಾಹಿತ್ಯಚರಿತ್ರೆಗಳು ಶಾಸನಕವಿಯನ್ನು ಮಾತ್ರ ಹೆಸರಿಸಿ ಈ ಇಬ್ಬರನ್ನು ಅಡಿಟಿಪ್ಪಣಿಗೆ ಕಳುಹಿಸುವುದುಂಟು. ಶಾಸನವನ್ನು ನಿಲ್ಲಿಸಿದವರು ಹಾಗೆ ಮಾಡಲಿಲ್ಲ.

ಇನ್ನು ‘ಮೈಸೂರು ಶೈಲಿ’ ಎಂಬ ಹೆಸರಿನ ವಿಷಯ. ವಿಜಯನಗರದ ಚಿತ್ರಕಾರರ ಪರಂಪರೆಯು 1565ರ ತರುವಾಯ ಶ್ರೀರಂಗಪಟ್ಟಣದ ಕಡೆಗೂ ತಂಜಾವೂರಿನ ಕಡೆಗೂ ಹರಿಯಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಶ್ರೀತತ್ತ್ವನಿಧಿಯಂತಹ ಸಚಿತ್ರಗ್ರಂಥವೂ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳೂ ಆದವು. ಮೈಸೂರಿನದು ತಂಜಾವೂರಿನ ನೆರಳೆಂದು ಹೇಳುವವರು ಎರಡರಲ್ಲಿಯೂ ಬಂಗಾರವಿರುವುದನ್ನು ಮಾತ್ರ ನೋಡುತ್ತಾರೆ. ಕೆಲಸದ ಕ್ರಮವನ್ನು ನೋಡಬೇಕು. ತಂಜಾವೂರಿನಲ್ಲಿ ಉಬ್ಬುಕೆಲಸವು ದಪ್ಪನಾಗಿ ಹರಳುಗಳಿಂದ ತುಂಬಿರುತ್ತದೆ. ಮೈಸೂರಿನಲ್ಲಿ ಉಬ್ಬು ತೀರ ತೆಳ್ಳಗಿದ್ದು ರೇಖೆಗೆ ಅಧೀನವಾಗಿರುತ್ತದೆ. ಹುಣಸೆಯ ಕಡ್ಡಿಯ ಇದ್ದಲಿನಿಂದ ಮೊದಲ ರೇಖೆ, ಕೊನೆಗೆ ತೆಳುಕಾಗದವನ್ನು ಮುಚ್ಚಿ ನುಣುಪುಕಲ್ಲಿನಿಂದ ತಿಕ್ಕುವುದು. ಸೋಮೇಶ್ವರನ ವರ್ತಿಕೆಯ ಜಾಗದಲ್ಲಿ ಇದ್ದಲು ಬಂದಿದೆ, ಕೋರೆಯ ಜಾಗದಲ್ಲಿ ಕಲ್ಲು ಬಂದಿದೆ. ಕೆಲಸದ ಅನುಕ್ರಮವು ಎಂಟುನೂರು ವರ್ಷಗಳ ಬಳಿಕವೂ ಗುರುತು ಸಿಕ್ಕುವಂತಿದೆ.

ಮೈಸೂರು ಆಸ್ಥಾನದ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಜಪಾನಿನ ಚಿತ್ರಕಾರರು 1903ರಲ್ಲಿ ಕಲ್ಕತ್ತೆಗೆ ತಂದಿದ್ದ, ಬಣ್ಣವನ್ನು ನೀರಿನಲ್ಲಿ ತೊಯ್ಯಿಸಿ ತೊಳೆದು ಮತ್ತೆ ಬರೆಯುವ ವಿಧಾನವು ಆ ಗುರುಕುಲದ ಮುಖ್ಯಲಕ್ಷಣವಾಗಿತ್ತು. ವೆಂಕಟಪ್ಪನವರ ಚಿತ್ರಗಳಿಗೆ ಬಂಗಾಳಶೈಲಿಯೆಂದೂ ಮೈಸೂರುಶೈಲಿಯೆಂದೂ ಹೆಸರಿಡಲು ವಿಮರ್ಶಕರು ಬಹಳ ವಾದಮಾಡಿದ್ದಾರೆ. ಅವರ ಉದಕಮಂಡಲದ ದೃಶ್ಯಗಳಲ್ಲಿ ಮಂಜು ಬೆಟ್ಟದ ಮೇಲೆ ಹರಡಿಕೊಳ್ಳುವುದನ್ನು ನೋಡಿದಾಗ ನನಗೆ ನೆನಪಾಗುವುದು ಸೋಮೇಶ್ವರನು ಹೇಳಿದ ಅರ್ಥದ ರಸಚಿತ್ರವೇ. ನನ್ನ ಹಳೆಯ ಪಾಠದ ಟಿಪ್ಪಣಿಯ ಪುಸ್ತಕದಲ್ಲಿ ಆ ಶಬ್ದದ ಎದುರಿಗಿದ್ದ ಎರಡು ಪುಟಗಳನ್ನು ಅಡ್ಡಗೀಟೆಳೆದು ಹೊಡೆದುಹಾಕಿ, ‘ದ್ರವವರ್ಣದಿಂದ ಬರೆದದ್ದು’ ಎಂದು ಬರೆದಿಟ್ಟಿದ್ದೇನೆ.