ಪಹಣಿಯಲ್ಲಿ ಸಿಗದವರು: ಭೀಮಾ ತೀರದ ಬರ, ಗುಳೆ ಮತ್ತು ಪರಿಹಾರ ಯೋಜನೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ರೇಣುಕಾ ಶುಗರ್ಸ್ ಕಾರ್ಖಾನೆ ಕಬ್ಬು ನುರಿಸಲು ಆರಂಭಿಸುವ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಗಿನಿಂದ ಬಂದಿಳಿಯುತ್ತವೆ. ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರು-ತಾಂಡಾಗಳಿಂದ ಜನ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಪರಿಹಾರದ ಕಡತದಲ್ಲಿ ಈ ಇಬ್ಬರಿಗೂ ಜಾಗವಿಲ್ಲ. ಇಲ್ಲಿನ ಬರ ಪರಿಹಾರ ಹಸಿದವರಿಗಿಂತ ಮೊದಲು ಸರ್ವೆ ನಂಬರನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ಈ ಲೇಖನದ ವಾದ.

2023ನೇ ಸಾಲನ್ನೇ ತೆಗೆದುಕೊಳ್ಳೋಣ. ಆಗಸ್ಟ್ ಮಳೆ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದೆ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ರಾಜ್ಯ ಕೇಂದ್ರದಿಂದ ಕೇಳಿದ್ದು ಸುಮಾರು 18,171 ಕೋಟಿ ರೂಪಾಯಿ. ನೆರವು ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಮಂಜೂರಾಯಿತು. ನಡುವೆ ರಾಜ್ಯವೇ ಮೊದಲ ಕಂತಾಗಿ ಪ್ರತಿ ರೈತರಿಗೆ 2,000 ರೂಪಾಯಿವರೆಗೆ ಕೊಟ್ಟಿತ್ತು. ತೊಗರಿ ರಾಶಿ ಮುಗಿಯುವುದು ಜನವರಿಗೆ. ಬೆಳೆ ಕೈತಪ್ಪಿದ ಮನೆಗೆ ದೊಡ್ಡ ಮೊತ್ತ ಬಂದದ್ದು ಬೇಸಿಗೆಯ ಕೊನೆಗೆ.

ಆ ಮೊತ್ತವಾದರೂ ಯಾರಿಗೆ? ಶೇ 33ಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್‌ವರೆಗೆ ಎಂಬುದು ಆಗಿನ ದರ. ಹಣ ಹೋಗುವುದು ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಜಮೀನು, ಆಧಾರ್ ಜೋಡಣೆಯಾದವರ ಖಾತೆಗೆ. ಪಾಲಿಗೋ ಲಾವಣಿಗೋ ಹೊಲ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. 1974ರ ಭೂಸುಧಾರಣೆಯ ನಂತರ ಗೇಣಿಗೆ ಕಾನೂನಿನ ಮಾನ್ಯತೆಯೇ ಇಲ್ಲದ್ದರಿಂದ ಕರಾರು ಬಾಯಿಮಾತಿನದು. ಬೀಜ, ಗೊಬ್ಬರದ ಸಾಲ ಅವನದು. ಪರಿಹಾರ ಹೊಲದ ಒಡೆಯನದು. ಭೂಮಿಯೇ ಇಲ್ಲದ ಕೂಲಿಯ ಮಾತಂತೂ ಎತ್ತುವಂತಿಲ್ಲ.

ಈ ಕುಟುಂಬಗಳು ಏನು ಮಾಡುತ್ತವೆ? ದಸರಾ-ದೀಪಾವಳಿಯ ಸುಮಾರಿಗೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ, ಮುಕಾದಮ, ಊರಿಗೆ ಬರುತ್ತಾನೆ, ಮುಂಗಡ ಕೊಡುತ್ತಾನೆ. ಆ ದುಡ್ಡಿನಲ್ಲಿ ಕಿರಾಣಿ ಬಾಕಿ ತೀರುತ್ತದೆ, ಮದುವೆಯ ಸಾಲ ಕರಗುತ್ತದೆ. ಗಂಡ-ಹೆಂಡತಿ ಜೋಡಿಯಾಗಿ ಹೊರಡುತ್ತಾರೆ. ಮುದುಕರು, ಶಾಲೆಯ ಮಕ್ಕಳು ಹಿಂದೆ ಉಳಿಯುತ್ತಾರೆ, ಇಲ್ಲವೇ ಮಕ್ಕಳೂ ಹೋಗುತ್ತವೆ. ಮುಂಗಡ ಪಡೆದವರು ಚಳಿಗಾಲದಲ್ಲಿ ಊರಲ್ಲಿ ಕಾಮಗಾರಿ ಶುರುವಾಯಿತೆಂದು ತಿರುಗಿ ಬರಲಾರರು. ನನ್ನ ದೃಷ್ಟಿಯಲ್ಲಿ ಈ ಭಾಗದ ಮೊದಲ ಬರ ಪರಿಹಾರ ಕೊಡುವವನು ಮುಕಾದಮನೇ. ಅದಕ್ಕೆ ಅವನು ವಸೂಲು ಮಾಡುವ ಬೆಲೆ ಬೇರೆ.

1880ರ ಕ್ಷಾಮ ಆಯೋಗದ ನಂತರ ಬ್ರಿಟಿಷ್ ಆಡಳಿತ ರೂಪಿಸಿದ ಕ್ಷಾಮ ಸಂಹಿತೆಗಳಲ್ಲಿ ಪರೀಕ್ಷಾ ಕಾಮಗಾರಿ ಎಂಬ ಏರ್ಪಾಡಿತ್ತು: ಸಣ್ಣ ಕೆಲಸ ತೆರೆದು, ಎಷ್ಟು ಜನ ಬರುತ್ತಾರೆ ಎಂಬುದರ ಮೇಲೆ ಕ್ಷಾಮದ ತೀವ್ರತೆಯನ್ನು ಅಳೆಯುವುದು. ಜಿಪುಣ ವ್ಯವಸ್ಥೆ, ನಿಜ. ಆದರೆ ಅದು ಎಣಿಸುತ್ತಿದ್ದುದು ಮನುಷ್ಯರನ್ನು. 2016ರ ಬರ ನಿರ್ವಹಣಾ ಕೈಪಿಡಿ ಮಳೆ, ತೇವಾಂಶ, ಉಪಗ್ರಹದ ಸಸ್ಯ ಸೂಚ್ಯಂಕ, ಬಿತ್ತನೆಯ ವಿಸ್ತೀರ್ಣಗಳನ್ನು ಪ್ರಧಾನವಾಗಿ ನೋಡುತ್ತದೆ. ಆದರೆ ಹಸಿವನ್ನು ಇವಿಷ್ಟೇ ಹೇಳಲಾರವು: ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ತೋರಿಸಿದಂತೆ, ಧಾನ್ಯ ಇದ್ದೂ ಕೊಳ್ಳುವ ಶಕ್ತಿ ಕುಸಿದರೆ ಹಸಿವು ಬರುತ್ತದೆ. ಆ ಶಕ್ತಿ ತುಂಬಬೇಕಾದ ನಗದಿನ ಮಾತಿಗೆ ಬಂದರೆ, 2023ರ ಜುಲೈಯಿಂದ ಕೆಲಕಾಲ ರಾಜ್ಯದ ಅನ್ನಭಾಗ್ಯ ಯೋಜನೆಯ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು. ಹಣ ಜಮೆಯಾಗುತ್ತಿದ್ದುದು ಕುಟುಂಬದ ಮುಖ್ಯಸ್ಥರ ಖಾತೆಗೆ; ಅವರು ಪುಣೆಯಲ್ಲಿದ್ದರೆ ತಾಂಡಾದಲ್ಲಿ ಉಳಿದವರು ಜೋಳ ಕೊಳ್ಳಬೇಕಿದ್ದುದು ಯಾವ ದುಡ್ಡಿನಿಂದ?

ನೆರೆಗಾದರೆ ಇದೇ ಆಡಳಿತ ಬೇರೆ ವೇಗದಲ್ಲಿ ಓಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳ ನೀರು ಸೊನ್ನ ಬ್ಯಾರೇಜ್ ದಾಟಿ ನುಗ್ಗಿದಾಗ ತೀರದ ಹಳ್ಳಿಗಳ ಜನರನ್ನು ಕಾಳಜಿ ಕೇಂದ್ರಗಳಿಗೆ ಸಾಗಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲೂ ಹಾಗೆಯೇ. ನಡುವಿನ 2024ರ ಬೇಸಿಗೆಯಲ್ಲಿ ಅದೇ ಭೀಮೆ ಬತ್ತಿ, ಉಜನಿಯಿಂದ ನೀರು ಬಿಡಿಸಲು ಅಫಜಲಪುರದಲ್ಲಿ ಉಪವಾಸ ಕೂರಬೇಕಾಯಿತು. ನೆರೆಯಿಂದ ಹೊರಬಿದ್ದವರ ಲೆಕ್ಕ ತಹಶೀಲ್ದಾರ್ ಕಚೇರಿಯಲ್ಲಿ ಆಯಾ ದಿನವೇ ಸಿಗುತ್ತದೆ. ಬರದಿಂದ ಹೊರಟವರದು ಸಿಗುವುದಿಲ್ಲ. ವಿಶ್ವಸಂಸ್ಥೆಯ 1998ರ ಆಂತರಿಕ ಸ್ಥಳಾಂತರದ ಮಾರ್ಗದರ್ಶಿ ಸೂತ್ರಗಳು ನಿಸರ್ಗ ವಿಕೋಪದಿಂದ ಅನಿವಾರ್ಯವಾಗಿ ಮನೆ ಬಿಟ್ಟವರನ್ನೂ ಒಳಗೊಳ್ಳುತ್ತವೆ. ಮುಂಗಡಕ್ಕೆ ಕಟ್ಟುಬಿದ್ದು ಹೋದವರನ್ನು ಸ್ವಇಚ್ಛೆಯ ವಲಸಿಗರೆನ್ನಲು ನನಗೆ ಮನಸ್ಸೊಪ್ಪದು.

ಹಾಗಾಗಿ ಯೋಜನೆ ಮುಕಾದಮನ ಪಂಚಾಂಗವನ್ನು ನೋಡಿ ನಡೆಯಬೇಕು: ಕೂಲಿ ಕೆಲಸ, ನಗದು ದಸರಾಕ್ಕೆ ಮುಂಚೆ ಕೈಸೇರಬೇಕು. ರೇಷನ್ನಿನಲ್ಲಿ ಜೋಳ ಬೇಕು. ಎಲ್ಲಿ ಬೇಕಾದರೂ ಪಡಿತರ ಪಡೆಯುವ ಸೌಲಭ್ಯ 2020ರಿಂದ ರಾಜ್ಯದಲ್ಲಿದೆ. ಅದು ಹವಳಗಾದಲ್ಲಿ ಕಬ್ಬು ಕಡಿಯುವವರ ಜೋಪಡಿಗಳಿಗೂ ಮುಟ್ಟಬೇಕು, ಅಂಗನವಾಡಿಯೂ ಜೊತೆಗೆ. ಯಾವ ಮನೆಗೆ ಬೀಗ ಬಿತ್ತು, ಯಾವ ಮಗು ಶಾಲೆಗೆ ಬರುತ್ತಿಲ್ಲ ಎಂಬುದು ಆಶಾ ಕಾರ್ಯಕರ್ತೆಗೂ ಮೇಷ್ಟ್ರಿಗೂ ಗೊತ್ತು. ಬರ ಘೋಷಣೆಯ ಜೊತೆಗೇ ಪಂಚಾಯಿತಿಗಳಿಂದ ಗುಳೆ ಪಟ್ಟಿ ತರಿಸಿಕೊಳ್ಳಲು ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು.